ಗ್ಯಾಮಾ ಕಿರಣಗಳೂ ಈರುಳ್ಳಿಯ ದಾಸ್ತಾನೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ರೈತರ ಕೈಗೆ ಹಣ ತರುವ ಬೆಳೆಗಳಲ್ಲಿ ಈರುಳ್ಳಿಯೂ ಮುಖ್ಯವಾದದ್ದು. ಆದರೆ ಇದು ಹೊಳಲ್ಕೆರೆಯ ಅಡಿಕೆಯಂತೆಯಾಗಲಿ, ಹೊಸದುರ್ಗದ ಕೊಬ್ಬರಿಯಂತೆಯಾಗಲಿ ಬೆಲೆ ಏರುವವರೆಗೆ ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದಾದ ಪದಾರ್ಥವಲ್ಲ. ಗಡ್ಡೆಯನ್ನು ಕಿತ್ತು ಮಂಡಿಗೆ ಸಾಗಿಸುವ ದಿನ ಬೆಲೆ ಬಿದ್ದಿರುವುದು. ಕಾಯೋಣವೆಂದು ಇಟ್ಟರೆ ಗಡ್ಡೆಯು ಕೊಳೆಯುವುದು, ಇಲ್ಲವೆ ಮೊಳೆಯುವುದು. ಹೀಗಿರುವಾಗ, ಗ್ಯಾಮಾ ಕಿರಣಗಳನ್ನು ಹಾಯಿಸಿದರೆ ಈರುಳ್ಳಿಯು ತಿಂಗಳುಗಟ್ಟಲೆ ಮೊಳೆಯದೆ ನಿಲ್ಲುವುದೆಂಬ ಸಮಾಚಾರವು ಹಳ್ಳಿಗಳಿಗೆ ಮುಟ್ಟಿದೆ. ಕೆಲವರು ಇದನ್ನು ಕೇಳಿ, ಇನ್ನು ನಷ್ಟವೆಂಬುದೇ ಇಲ್ಲವೆಂದು ಹಿಗ್ಗಿದ್ದಾರೆ. ಇನ್ನು ಕೆಲವರು ಅಂತಹ ಈರುಳ್ಳಿಯು ವಿಷವಾಗುವುದೆಂದು ಅಂಜಿದ್ದಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಗ್ಯಾಮಾ ಕಿರಣವೆಂದರೆ ಏನು, ಬೆಳಕಿನ ಬಂಧುಗಳಲ್ಲಿ ಅದರ ಸ್ಥಾನವೆಲ್ಲಿ ಎಂಬುದನ್ನು ತಿಳಿದುಕೊಂಡರೆ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ತಾನಾಗಿಯೇ ಗೊತ್ತಾಗುವುದು. ಗ್ರಾಮದ ಮುಖಂಡರೂ ಜಮೀನ್ದಾರರೂ ಈ ವಿಷಯದಲ್ಲಿ ತಾವೇ ತಿಳಿದು ಇತರರಿಗೆ ಹೇಳಬೇಕಾದವರಾದ ಕಾರಣ ಇದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದೆ.

ಕಿರಣಗಳ ಕುಲ

ಹಿರಿಯೂರಿನ ವಾಣೀವಿಲಾಸ ಸಾಗರದ ದಡದಲ್ಲಿ ನಿಂತು ನೋಡಿದರೆ ಗಾಳಿ ಬೀಸಿದಾಗ ಉದ್ದವಾದ ಅಲೆಗಳು ಒಂದರ ಹಿಂದೊಂದು ಬರುವುವು. ಒಂದು ಸಣ್ಣ ಕಲ್ಲನ್ನು ಎಸೆದರೆ ಕಿರಿದಾದ ಅಲೆಗಳು ಏಳುವುವು. ಅಲೆ ದೊಡ್ಡದಾದರೂ ಸಣ್ಣದಾದರೂ ನೀರು ಒಂದೇ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರಕ್ಕೆ ತರಂಗಾಂತರವೆಂದು ಹೆಸರು. ಬೆಳಕೂ ಒಂದು ವಿಧವಾದ ಅಲೆಯೇ. ಅದು ನೀರಿನಲ್ಲಿ ಏಳುವ ಅಲೆಯಲ್ಲ. ವಿದ್ಯುಚ್ಛಕ್ತಿ ಮತ್ತು ಅಯಸ್ಕಾಂತಶಕ್ತಿಗಳ ಜೋಡಿ ಅಲೆಯಾದ್ದರಿಂದ ಅದಕ್ಕೆ ವಿದ್ಯುತ್ಕಾಂತ ತರಂಗವೆಂದು ಹೇಳುವರು. ಇದನ್ನು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಎಂಬ ಪಂಡಿತನು 1865ರಲ್ಲಿ ಗಣಿತದಿಂದ ಸಿದ್ಧಪಡಿಸಿದನು. ಇಂತಹ ಅಲೆಗಳೆಲ್ಲವೂ ಬಯಲಿನಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಿಂದ ಓಡುವುವು. ಅವುಗಳಲ್ಲಿ ಭೇದವಿರುವುದು ತರಂಗಾಂತರದಲ್ಲಿ, ಮತ್ತು ಅದರಿಂದುಂಟಾಗುವ ಶಕ್ತಿಯಲ್ಲಿ.

ಈ ಕುಲದವರನ್ನು ದೊಡ್ಡವರಿಂದ ಸಣ್ಣವರ ಕಡೆಗೆ ಸಾಲಾಗಿ ನಿಲ್ಲಿಸೋಣ. ಮೊದಲು ರೇಡಿಯೋ ಅಲೆಗಳು. ಚಿತ್ರದುರ್ಗದ ಆಕಾಶವಾಣಿಯ ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರು. ಅನಂತರ ಮೊಬೈಲು ಫೋನುಗಳ ಅಲೆಗಳು. ಇವು ಗೇಣುದ್ದದವು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ. ಅವುಗಳ ಆಚೆಗೆ ಕಣ್ಣಿಗೆ ಕಾಣದೆ ಮೈಗೆ ಶಾಖವಾಗಿ ತಟ್ಟುವ ಅವರಕ್ತ ಕಿರಣಗಳು. ಅವುಗಳಿಗೂ ಮುಂದೆ ಕಾಮನಬಿಲ್ಲಿನಲ್ಲಿ ಕಾಣುವ ಏಳು ಬಣ್ಣಗಳು. ಕೆಂಪು ಬೆಳಕಿನ ತರಂಗಾಂತರವು ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಸುಮಾರು 700 ಭಾಗ. ನೇರಳೆಯದು ಸುಮಾರು 400 ಭಾಗ. ನೇರಳೆಯ ಆಚೆಗೆ ಚರ್ಮವನ್ನು ಕಪ್ಪಾಗಿಸುವ ನೇರಳಾತೀತ ಕಿರಣಗಳು. ಅದಕ್ಕೂ ಆಚೆ ಆಸ್ಪತ್ರೆಗಳಲ್ಲಿ ಮೂಳೆಯ ಚಿತ್ರ ತೆಗೆಯುವ ಕ್ಷ-ಕಿರಣಗಳು. ಎಲ್ಲಕ್ಕೂ ಕಟ್ಟಕಡೆಯಲ್ಲಿ, ಅತಿ ಕಿರಿದಾದ ಅಲೆಗಳಾಗಿ, ಗ್ಯಾಮಾ ಕಿರಣಗಳು. ಈ ಇಡೀ ಸಾಲಿಗೆ ವಿದ್ಯುತ್ಕಾಂತ ವರ್ಣಪಟಲವೆಂದು ಹೆಸರು.

ಈ ಸಾಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಭಾಗವು ಎಷ್ಟು ಅಲ್ಪವೆಂಬುದನ್ನು ಹಾರ್ಮೋನಿಯಮ್ಮಿನ ದೃಷ್ಟಾಂತದಿಂದ ತಿಳಿಯಬಹುದು. ಒಂದು ಸಪ್ತಕದಿಂದ ಮುಂದಿನ ಸಪ್ತಕಕ್ಕೆ ಹೋದರೆ ಸ್ವರದ ಅಲೆಯ ಉದ್ದ ಅರ್ಧವಾಗುವುದು. ಕೆಂಪಿನಿಂದ ನೇರಳೆಯವರೆಗಿನ ಬೆಳಕೆಲ್ಲ ಸೇರಿದರೂ ಒಂದು ಸಪ್ತಕ ಪೂರ್ತಿಯಾಗುವುದಿಲ್ಲ. ಆಕಾಶವಾಣಿಯ ಅಲೆಯಿಂದ ಗ್ಯಾಮಾ ಕಿರಣದವರೆಗೆ ನಲವತ್ತಕ್ಕೂ ಹೆಚ್ಚು ಸಪ್ತಕಗಳು ಇರುವುವು.

ಉತ್ಪತ್ತಿಸ್ಥಾನ

ಜರ್ಮನಿಯ ರಾಂಟ್‌ಜನ್ ಎಂಬಾತನು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ಮರುವರ್ಷ ಫ್ರಾನ್ಸಿನ ಬೆಕರೆಲ್ ಎಂಬಾತನು ಯುರೇನಿಯಮ್ ಲವಣಗಳು ತಾವಾಗಿಯೇ ಕಿರಣಗಳನ್ನು ಬಿಡುವುದನ್ನು ಕಂಡನು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ವಿಲ್ಲಾರ್ಡ್ ಎಂಬಾತನು ರೇಡಿಯಮ್ಮಿನಿಂದ ಹೊರಡುವ, ಎಲ್ಲಕ್ಕಿಂತಲೂ ದೂರ ನುಗ್ಗುವ ಒಂದು ಬಗೆಯ ಕಿರಣವನ್ನು ಗುರುತಿಸಿದನು. ಅದಕ್ಕೆ ರುದರ್ಫರ್ಡ್ ಪಂಡಿತನು ಗ್ರೀಕ್ ಅಕ್ಷರಮಾಲೆಯ ಮೂರನೆಯ ಅಕ್ಷರವಾದ ಗ್ಯಾಮಾ ಎಂಬ ಹೆಸರನ್ನಿಟ್ಟನು. 1914ರಲ್ಲಿ ಅದರ ತರಂಗಾಂತರವನ್ನು ಅಳೆದ ಮೇಲೆ ಇದೂ ಬೆಳಕಿನ ಕುಲಕ್ಕೇ ಸೇರಿದುದೆಂಬುದು ನಿಶ್ಚಯವಾಯಿತು.

ಕ್ಷ-ಕಿರಣಕ್ಕೂ ಗ್ಯಾಮಾ ಕಿರಣಕ್ಕೂ ಇರುವ ಮುಖ್ಯವಾದ ಭೇದವು ಹುಟ್ಟಿನಲ್ಲಿದೆ. ಪರಮಾಣುವಿನ ಹೊರಗಣ ಎಲೆಕ್ಟ್ರಾನುಗಳಿಂದ ಹುಟ್ಟುವುದು ಕ್ಷ-ಕಿರಣ. ಪರಮಾಣುವಿನ ನಟ್ಟನಡುವಿನ ಬೀಜದಿಂದ ಹುಟ್ಟುವುದು ಗ್ಯಾಮಾ ಕಿರಣ. ಇವೆರಡರ ತರಂಗಾಂತರಗಳು ಅಕ್ಕಪಕ್ಕದ ಹೊಲಗಳಂತೆ ಒಂದರೊಳಗೊಂದು ಬೆರೆತಿರುವುದೂ ಉಂಟು.

ಈ ಕಿರಣವು ಎಲ್ಲಿಯೋ ಪ್ರಯೋಗಶಾಲೆಯಲ್ಲಿ ಮಾತ್ರ ಇರತಕ್ಕ ವಸ್ತುವೆಂದು ಭಾವಿಸಬಾರದು. ಪ್ರಪಂಚದಲ್ಲಿರುವ ಪೊಟ್ಯಾಷಿಯಮ್ಮಿನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ಸ್ವಭಾವತಃ ವಿಕಿರಣವುಳ್ಳದ್ದು. ಅದು ನಿಧಾನವಾಗಿ ಕ್ಷಯಿಸುತ್ತ ಗ್ಯಾಮಾ ಕಿರಣಗಳನ್ನು ಬಿಡುತ್ತಿರುವುದು. ಚಿತ್ರದುರ್ಗ, ಹೊಸದುರ್ಗಗಳ ಸುತ್ತಣ ಗ್ರಾನೈಟ್ ಬಂಡೆಗಳಲ್ಲಿ ಪೊಟ್ಯಾಷಿಯಮ್ಮಿನ ಅಂಶವು ಹೆಚ್ಚಾಗಿರುವುದರಿಂದ ಆ ಬಂಡೆಗಳಿಂದಲೂ ಈ ಕಿರಣಗಳು ಸದಾ ಹೊರಡುವುವು. ತಮ್ಮ ಉಗ್ರಾಣದಲ್ಲಿರುವ 50 ಕಿಲೋಗ್ರಾಮಿನ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಚೀಲವೊಂದರಿಂದ ಪ್ರತಿ ಸೆಕೆಂಡಿಗೆ ಎಂಬತ್ತು ಸಾವಿರದಷ್ಟು ಗ್ಯಾಮಾ ಕಿರಣಗಳು ಹುಟ್ಟುತ್ತಿವೆ. ಆ ಚೀಲವನ್ನು ಹೊತ್ತವರಿಗೆ ಅದರಿಂದ ತೊಂದರೆಯಾದದ್ದನ್ನು ಯಾರೂ ಕಂಡಿಲ್ಲ. ನಮ್ಮ ಶರೀರದಲ್ಲಿಯೂ ಪೊಟ್ಯಾಷಿಯಮ್ ಇರುವುದರಿಂದ ನಾವೂ ಈ ಕಿರಣಗಳನ್ನು ಅಲ್ಪವಾಗಿ ಬಿಡುತ್ತಿರುವೆವು. ಆದ್ದರಿಂದ ಕಿರಣವಿದೆಯೆ ಇಲ್ಲವೆ ಎಂಬುದಕ್ಕಿಂತ ಎಷ್ಟು ಪ್ರಮಾಣದಲ್ಲಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಶಕ್ತಿಯೂ ಅದರ ಕಾರ್ಯವೂ

ಅಲೆಯು ಕಿರಿದಾದಷ್ಟೂ ಅದರ ಒಂದೊಂದು ಕಣದ ಶಕ್ತಿ ಹೆಚ್ಚು. ವಿಕಿರಣ ಶಾಲೆಗಳಲ್ಲಿ ಉಪಯೋಗಿಸುವ ಕೋಬಾಲ್ಟ್-60 ಎಂಬ ಲೋಹದಿಂದ ಬರುವ ಗ್ಯಾಮಾ ಕಿರಣದ ಒಂದು ಕಣಕ್ಕೆ ಬಿಸಿಲಿನ ಒಂದು ಕಣಕ್ಕಿಂತ ಸುಮಾರು ಐದು ಲಕ್ಷ ಪಾಲು ಹೆಚ್ಚು ಶಕ್ತಿ ಇರುವುದು. ಈ ಕಾರಣದಿಂದಲೇ ಅದು ಈರುಳ್ಳಿಯ ಮೂಟೆಯನ್ನು ತೂರಿ ಹೋಗಬಲ್ಲದು. ದಾರಿಯಲ್ಲಿ ಜೀವಕೋಶದೊಳಗಿನ ಅಣುಗಳನ್ನು ಮುರಿಯಬಲ್ಲದು. ರೇಡಿಯೋ ಅಲೆಗಾಗಲಿ, ಸಾಧಾರಣ ಬೆಳಕಿಗಾಗಲಿ ಹೀಗೆ ಮುರಿಯುವ ಶಕ್ತಿಯಿಲ್ಲ.

ಹಾಗಾದರೆ ಆ ಶಕ್ತಿಯು ಈರುಳ್ಳಿಯನ್ನೂ ವಿಕಿರಣವುಳ್ಳ ವಸ್ತುವನ್ನಾಗಿ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುವುದಿಲ್ಲ. ಹಾಗೆ ಮಾಡಬೇಕಾದರೆ ಪರಮಾಣುವಿನ ಬೀಜವನ್ನೇ ಒಡೆಯಬೇಕು. ಆಹಾರದಲ್ಲಿರುವ ಇಂಗಾಲ, ಆಮ್ಲಜನಕ, ಸಾರಜನಕಗಳ ಬೀಜದಿಂದ ಒಂದು ಕಣವನ್ನು ಕೆಡವಲು ಕೋಬಾಲ್ಟ್ ಕಿರಣದ ಶಕ್ತಿಗಿಂತ ಐದಾರು ಪಾಲಿಗೂ ಹೆಚ್ಚಿನ ಶಕ್ತಿ ಬೇಕು. ಕೋಬಾಲ್ಟ್ ಲೋಹವಾದರೋ ಉಕ್ಕಿನ ಕೊಳವೆಗಳಲ್ಲಿ ಭದ್ರವಾಗಿ ಮುಚ್ಚಲ್ಪಟ್ಟಿರುವುದು. ಅದು ಈರುಳ್ಳಿಯನ್ನು ಮುಟ್ಟುವುದೇ ಇಲ್ಲ. ದೀಪವನ್ನು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಕಿರಣ ಹಾದುಹೋದ ಗಡ್ಡೆಯಲ್ಲಿ ಕಿರಣ ಉಳಿಯುವುದಿಲ್ಲ.

ಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಿಂದ ಅಳೆಯುವರು. ಒಂದು ಕಿಲೋಗ್ರಾಮು ಪದಾರ್ಥವು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಈರುಳ್ಳಿಗೆ ಕೊಡತಕ್ಕದ್ದು ಸುಮಾರು 60ರಿಂದ 90 ಗ್ರೇ. ಇಷ್ಟು ಶಕ್ತಿಯಿಂದ ಗಡ್ಡೆಯ ಶಾಖವು ಒಂದು ಡಿಗ್ರಿಯ ನಲವತ್ತನೆಯ ಒಂದು ಪಾಲಿನಷ್ಟೂ ಸರಿಯಾಗಿ ಏರುವುದಿಲ್ಲ. ಆದ್ದರಿಂದ ಗಡ್ಡೆಯು ಬೇಯುವುದೆಂಬ ಮಾತಿಗೂ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲಾದ ಮೂರು ಅಂತರರಾಷ್ಟ್ರೀಯ ಸಂಸ್ಥೆಗಳ ತಜ್ಞರು 1980ರಲ್ಲಿ ಕೂಡಿ ವಿಚಾರ ಮಾಡಿ, 10,000 ಗ್ರೇವರೆಗೆ ಕಿರಣ ಹಾಯಿಸಿದ ಆಹಾರದಿಂದ ವಿಷಬಾಧೆಯಿಲ್ಲವೆಂದು ನಿರ್ಣಯಿಸಿದರು. ಭಾರತ ಸರ್ಕಾರವು 1994ರಲ್ಲಿ ಈರುಳ್ಳಿ, ಆಲೂಗಡ್ಡೆ ಮತ್ತು ಸಂಬಾರ ಪದಾರ್ಥಗಳಿಗೆ ಇದನ್ನು ಮಾಡಲು ಅನುಮತಿ ಕೊಟ್ಟಿತು.

ಗಡ್ಡೆಯ ಮೇಲೆ ಆಗುವ ಪರಿಣಾಮ

ಈರುಳ್ಳಿಯ ಪದರಗಳು ಬೆಳೆದು ನಿಂತ ಕೋಶಗಳು. ಅವು ಇನ್ನು ಒಡೆದು ವೃದ್ಧಿಯಾಗುವುದಿಲ್ಲ. ವೃದ್ಧಿಯಾಗುವುದು ಗಡ್ಡೆಯ ಬುಡದ ಮೇಲೆ ನಡುವಿನಲ್ಲಿ ಅಡಗಿರುವ ಸುಳಿಯ ಮೊಗ್ಗು ಮಾತ್ರ. ಗ್ಯಾಮಾ ಕಿರಣವು ಕೋಶದೊಳಗಣ ವಂಶಸೂತ್ರವನ್ನು ಕತ್ತರಿಸುವುದರಿಂದ ವಿಭಜಿಸುವ ಕೋಶಗಳಿಗೇ ಮುಖ್ಯವಾದ ಪೆಟ್ಟು ಬೀಳುವುದು. ಸುಳಿಯು ಬೆಳೆಯಲಾರದೆ ನಿಲ್ಲುವುದು. ತಿನ್ನುವ ಪದರಗಳು ಇದ್ದಂತೆಯೇ ಇರುವುವು.

ಆದರೆ ಇದಕ್ಕೆ ಒಂದು ನಿಯಮವುಂಟು. ಗಡ್ಡೆಯು ಕಿತ್ತ ಮೇಲೆ ಕೆಲವು ವಾರಗಳ ಕಾಲ ನಿದ್ರಾವಸ್ಥೆಯಲ್ಲಿರುವುದು. ಆ ಅವಧಿಯಲ್ಲಿ, ಅಂದರೆ ಚೆನ್ನಾಗಿ ಒಣಗಿಸಿದ ನಂತರ ಎರಡು ಮೂರು ವಾರಗಳೊಳಗೆ, ಕಿರಣ ಹಾಯಿಸಿದರೆ ಫಲ ಹೆಚ್ಚು. ಸುಳಿಯು ಒಳಗೆ ಉದ್ದವಾಗತೊಡಗಿದ ಮೇಲೆ ಹಾಯಿಸಿದರೆ ಅದು ಒಳಗೇ ಸತ್ತು ಕಂದು ಬಣ್ಣಕ್ಕೆ ತಿರುಗುವುದು. ಹೆಚ್ಚಿದಾಗ ಅದು ಕಾಣುವುದರಿಂದ ಸರಕಿನ ಬೆಲೆ ತಗ್ಗುವುದು. ಇನ್ನೊಂದು ಸಂಗತಿಯನ್ನು ಬೀಜೋತ್ಪತ್ತಿ ಮಾಡುವವರು ಮರೆಯಬಾರದು. ಕಿರಣ ಹಾಯಿಸಿದ ಗಡ್ಡೆಯು ನೆಟ್ಟರೆ ಚಿಗುರಿ ತೆನೆ ಕೊಡಲಾರದು. ಬೀಜದ ಗಡ್ಡೆಯನ್ನು ಮೊದಲೇ ಬೇರ್ಪಡಿಸಿ ಇಡತಕ್ಕದ್ದು.

ಕಿರಣವು ಮಾಡಲಾರದ ಕೆಲಸ

ಮುಖ್ಯವಾದ ಮಾತು ಇಲ್ಲಿದೆ. ದಾಸ್ತಾನಿನಲ್ಲಿ ಈರುಳ್ಳಿಗೆ ಮೂರು ಬಗೆಯ ನಷ್ಟಗಳು: ಮೊಳೆಯುವುದು, ಕೊಳೆಯುವುದು, ನೀರಾರಿ ತೂಕ ಇಳಿಯುವುದು. 60ರಿಂದ 90 ಗ್ರೇ ಕಿರಣವು ತಡೆಯುವುದು ಮೊದಲನೆಯದನ್ನು ಮಾತ್ರ. ಕೊಳೆಯನ್ನುಂಟುಮಾಡುವ ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಈ ಅಲ್ಪ ಪ್ರಮಾಣಕ್ಕೆ ಸಾಯುವುದಿಲ್ಲ. ಅವುಗಳನ್ನು ಕೊಲ್ಲಲು ಸಾವಿರಾರು ಗ್ರೇ ಬೇಕು, ಅಷ್ಟನ್ನು ಈರುಳ್ಳಿಯು ತಾಳಲಾರದು. ನೀರಾರುವುದನ್ನೂ ಕಿರಣವು ತಡೆಯದು.

ಈಗ ನಮ್ಮ ಪ್ರಾಂತದ ಸ್ಥಿತಿಯನ್ನು ನೋಡೋಣ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವುದು ಮುಂಗಾರಿನ ಈರುಳ್ಳಿ. ಅದು ಕೀಳಲು ಬರುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಅಂದರೆ ಮಳೆ ಇನ್ನೂ ಬಿಡದ ಕಾಲದಲ್ಲಿ. ಗಡ್ಡೆಯಲ್ಲಿ ನೀರು ಹೆಚ್ಚು, ಕುತ್ತಿಗೆ ದಪ್ಪ, ಒಣಗಿಸಲು ಬಿಸಿಲು ಸಾಲದು. ಕೊಳೆಯ ನಷ್ಟಕ್ಕೆ ಇದೇ ಮೂಲ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವಿನಲ್ಲಿ 2002ರಲ್ಲಿ ಈರುಳ್ಳಿಗಾಗಿ ವಿಕಿರಣ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ದಾಸ್ತಾನಿಗೆ ಹೋಗುವುದು ಮುಖ್ಯವಾಗಿ ಹಿಂಗಾರಿನ ಬೆಳೆ. ಬೇಸಗೆಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ, ಸಣ್ಣ ಕುತ್ತಿಗೆಯ, ತಾನಾಗಿಯೇ ನಾಲ್ಕಾರು ತಿಂಗಳು ನಿಲ್ಲಬಲ್ಲ ಗಡ್ಡೆ. ಅಲ್ಲಿನ ಫಲವನ್ನು ಇಲ್ಲಿನ ಮುಂಗಾರು ಗಡ್ಡೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಲಾಸಲ್‌ಗಾಂವಿನ ಶಾಲೆಯೇ 2007ರಿಂದ ಅಮೆರಿಕಾ ದೇಶಕ್ಕೆ ಹೋಗುವ ಮಾವಿಗೂ ಉಪಯೋಗಕ್ಕೆ ಬಂದಿತು. ನಮ್ಮ ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿಯೂ ಮಾವಿನ ರಫ್ತಿಗಾಗಿ ಇಂತಹ ಶಾಲೆ ಏರ್ಪಟ್ಟಿತು. ಆದರೆ ಚಿತ್ರದುರ್ಗದಿಂದ ಬೆಂಗಳೂರೇ ಸುಮಾರು 200 ಕಿಲೋಮೀಟರು. ಮಾಲೂರು ಅದಕ್ಕೂ ಆಚೆ. ಗಡ್ಡೆಯನ್ನು ಅಲ್ಲಿಗೆ ಒಯ್ದು, ಇಳಿಸಿ, ಏರಿಸಿ, ಮತ್ತೆ ತಂದು ದಾಸ್ತಾನು ಮಾಡುವ ಬಾಡಿಗೆ ಕೂಲಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಆದಕಾರಣ ಹಣ ಹಾಕುವ ಮೊದಲು ತಮ್ಮ ನಷ್ಟವು ಯಾವ ಬಗೆಯದೆಂಬುದನ್ನು ತಾವೇ ಪರೀಕ್ಷಿಸತಕ್ಕದ್ದು. ಇದಕ್ಕೆ ಯಂತ್ರ ಬೇಡ, ತಕ್ಕಡಿ ಸಾಕು. ಒಣಗಿಸಿ ಆರಿಸಿದ ಒಂದು ಕ್ವಿಂಟಾಲು ಗಡ್ಡೆಯನ್ನು ಬೇರೆಯಾಗಿ ಇಟ್ಟು, ಹದಿನೈದು ದಿನಗಳಿಗೊಮ್ಮೆ ಕೊಳೆತದ್ದನ್ನೂ ಮೊಳೆತದ್ದನ್ನೂ ಪ್ರತ್ಯೇಕವಾಗಿ ತೆಗೆದು ತೂಗಿ ಬರೆದಿಡಬೇಕು. ಇವೆರಡನ್ನೂ ಉಳಿದ ತೂಕವನ್ನೂ ಕೂಡಿಸಿದರೆ ಕ್ವಿಂಟಾಲಿಗೆ ಎಷ್ಟು ಕಡಿಮೆಯಾಗುವುದೋ ಅಷ್ಟು ನೀರಾರಿದ ನಷ್ಟ. ಮೂರು ತಿಂಗಳಲ್ಲಿ 30 ಕಿಲೋಗ್ರಾಮು ಕೊಳೆತು 5 ಕಿಲೋಗ್ರಾಮು ಮೊಳೆಯಿತೆಂದು ಇಟ್ಟುಕೊಳ್ಳೋಣ. ಅಂತಹವರಿಗೆ ಕಿರಣದಿಂದ ಉಳಿಯಬಹುದಾದದ್ದು 5 ಮಾತ್ರ. 30ನ್ನು ಉಳಿಸುವುದು ಒಣಗಿಸುವ ಕ್ರಮ. ಲೆಕ್ಕವು ಇದಕ್ಕೆ ತಿರುಗುಮುರುಗಾಗಿದ್ದರೆ ಆಗ ಕಿರಣದ ಮಾತನ್ನು ಯೋಚಿಸಬಹುದು. ಒಂದು ಗ್ರಾಮದಲ್ಲಿ ಐದಾರು ಮಂದಿ ಜಮೀನ್ದಾರರು ಈ ಲೆಕ್ಕವನ್ನಿಟ್ಟರೆ ಇಡೀ ಗ್ರಾಮಕ್ಕೇ ದಾರಿ ತೋರಿದಂತಾಗುವುದು.

ಒಣಗಿಸುವ ಕ್ರಮವು ಹೊಸದೇನೂ ಅಲ್ಲ. ಕೀಳುವುದಕ್ಕೆ ಹತ್ತು ಹದಿನೈದು ದಿನ ಮೊದಲು ನೀರನ್ನು ನಿಲ್ಲಿಸುವುದು. ಅರ್ಧದಷ್ಟು ಗಿಡಗಳ ಕುತ್ತಿಗೆ ಬಿದ್ದ ಮೇಲೆ ಕೀಳುವುದು. ಗಡ್ಡೆಯ ಮೇಲೆ ಎಲೆಯೇ ನೆರಳಾಗುವಂತೆ ಸಾಲಾಗಿ ಹರಡಿ ಮೂರರಿಂದ ಐದು ದಿನ ಆರಿಸುವುದು, ಮಳೆಯ ಸೂಚನೆಯಿದ್ದರೆ ಚಪ್ಪರದ ಕೆಳಗೆ ಹರಡುವುದು. ಎರಡು ಸೆಂಟಿಮೀಟರಿನಷ್ಟು ಕುತ್ತಿಗೆ ಬಿಟ್ಟು ಕೊಯ್ಯುವುದು. ದಪ್ಪ ಕುತ್ತಿಗೆಯ, ಜೋಡುಗಡ್ಡೆಯ, ಪೆಟ್ಟಾದ ಗಡ್ಡೆಗಳನ್ನು ಕೂಡಲೆ ಮಾರುವುದು. ಉಳಿದವನ್ನು ನೆಲದಿಂದ ಎತ್ತರಿಸಿದ, ಕೆಳಗೂ ಪಕ್ಕಗಳಲ್ಲೂ ಗಾಳಿಯಾಡುವ ಮನೆಯಲ್ಲಿ ನಾಲ್ಕು ಐದು ಅಡಿಗೆ ಮೀರದ ರಾಶಿಯಾಗಿ ಇಡತಕ್ಕದ್ದು. ಇದಿಷ್ಟನ್ನೂ ಮಾಡದೆ ಕಿರಣವನ್ನು ನಂಬುವುದು ತೂತು ಮಡಕೆಗೆ ಮುಚ್ಚಳ ಹುಡುಕಿದಂತೆ.

ಬೀಜದ ವಿಷಯ

ಗ್ಯಾಮಾ ಕಿರಣದ ಇನ್ನೊಂದು ಉಪಯೋಗವು ಕಡಲೆಕಾಯಿ ಬೆಳೆಯುವವರಿಗೆ ಸಂಬಂಧಿಸಿದ್ದು. ಕಿರಣದಿಂದ ವಂಶಸೂತ್ರದಲ್ಲಿ ಆಗುವ ಬದಲಾವಣೆ ಕೆಲವು ವೇಳೆ ಸಂತತಿಗೂ ಇಳಿಯುವುದೆಂದು ಅಮೆರಿಕಾದ ಮುಲ್ಲರ್ ಎಂಬ ವಿದ್ವಾಂಸನು 1927ರಲ್ಲಿ ಹಣ್ಣಿನ ನೊಣಗಳ ಮೇಲೆ ಕ್ಷ-ಕಿರಣ ಬಿಟ್ಟು ತೋರಿಸಿದನು. ಈ ತತ್ತ್ವದ ಮೇರೆಗೆ ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಕಡಲೆಕಾಯಿ ಬೀಜಗಳಿಗೆ ಕಿರಣ ಹಾಯಿಸಿ, ಹುಟ್ಟಿದ ಗಿಡಗಳಲ್ಲಿ ಒಳ್ಳೆಯವನ್ನು ಆರಿಸಿ, ಸಂಕರಗೊಳಿಸಿ, ಅನೇಕ ತಳಿಗಳನ್ನು ಹೊರತಂದರು. 1991ರಲ್ಲಿ ಬಿಡುಗಡೆಯಾದ ಟಿ.ಎ.ಜಿ.-24 ಎಂಬ ತಳಿಯು ಇವುಗಳಲ್ಲಿ ಪ್ರಸಿದ್ಧವಾದದ್ದು. ಇಂತಹ ತಳಿಯ ಬೀಜದಲ್ಲಿ ಕಿರಣವೇನೂ ಇರುವುದಿಲ್ಲ. ಅದು ತನ್ನ ಪೂರ್ವಿಕರಿಂದ ಬಂದ ಗುಣವನ್ನು ಮಾತ್ರ ಹೊತ್ತಿರುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಿರಣವು ಗುಣವನ್ನು ಆರಿಸಿ ಕೊಡುವುದಿಲ್ಲ. ಕುರುಡನು ಕಲ್ಲೆಸೆದಂತೆ ಎಲ್ಲಿ ಬಿದ್ದರೆ ಅಲ್ಲಿ ಬದಲಾವಣೆ. ಸಾವಿರಾರು ಗಿಡಗಳಲ್ಲಿ ಬಹುಪಾಲು ಕೆಟ್ಟವು ಅಥವಾ ನಿಷ್ಪ್ರಯೋಜಕವಾದವು. ಎಲ್ಲೋ ಒಂದು ಒಳ್ಳೆಯದು. ಅದನ್ನು ಗುರುತಿಸಿ ಸ್ಥಿರಪಡಿಸಲು ಹಲವು ವರ್ಷಗಳು ಬೇಕು. ಆದ್ದರಿಂದ ಈಗ ತಾನೇ ಕಿರಣ ಹಾಯಿಸಿದ ಬಿತ್ತನೆ ಬೀಜವೆಂದು ಹೇಳಿ ಹೆಚ್ಚಿನ ಬೆಲೆಗೆ ಮಾರಲು ಬರುವವರನ್ನು ಹತ್ತಿರ ಸೇರಿಸಬಾರದು. ಪ್ರಮಾಣೀಕೃತ ಬೀಜವನ್ನು ರೈತ ಸಂಪರ್ಕ ಕೇಂದ್ರದಿಂದಲೋ ವಿಶ್ವವಿದ್ಯಾನಿಲಯದಿಂದಲೋ ತರುವುದೇ ಕ್ಷೇಮ.

ಅಪಾಯ

ಗ್ಯಾಮಾ ಕಿರಣ ಹಾಯ್ದ ಈರುಳ್ಳಿಯು ನಿರಪಾಯಕರವೆಂದ ಮಾತ್ರಕ್ಕೆ ಕಿರಣವೇ ನಿರಪಾಯಕರವೆಂದು ತಿಳಿಯಬಾರದು. ಈರುಳ್ಳಿಯ ಸುಳಿಯನ್ನು ನಿಲ್ಲಿಸಲು 60 ಗ್ರೇ ಬೇಕಾದರೆ, ಮನುಷ್ಯನ ಇಡೀ ಶರೀರಕ್ಕೆ ಒಮ್ಮೆಗೆ 4 ಅಥವಾ 5 ಗ್ರೇ ಬಿದ್ದರೆ, ಚಿಕಿತ್ಸೆಯಿಲ್ಲದಿದ್ದಲ್ಲಿ ಅರ್ಧ ಮಂದಿ ಬದುಕುವುದಿಲ್ಲ. ವಿಕಿರಣ ಶಾಲೆಯಲ್ಲಿ ದಪ್ಪನಾದ ಕಾಂಕ್ರೀಟು ಗೋಡೆಗಳಿರುವುದೂ, ಕೆಲಸವಿಲ್ಲದಾಗ ಕೋಬಾಲ್ಟನ್ನು ಆಳವಾದ ನೀರಿನ ತೊಟ್ಟಿಯಲ್ಲಿ ಇಳಿಸಿಡುವುದೂ ಇದಕ್ಕಾಗಿಯೇ.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹಳೆಯ ಸಾಮಾನುಗಳೊಂದಿಗೆ ಹರಾಜಾದ ಯಂತ್ರವೊಂದನ್ನು ಗುಜರಿಯವರು ಒಡೆದರು. ಅದರೊಳಗೆ ಕೋಬಾಲ್ಟ್-60 ಇತ್ತು. ಹಲವರು ಅಸ್ವಸ್ಥರಾದರು, ಒಬ್ಬನು ಸತ್ತನು. ಆ ಲೋಹಕ್ಕೆ ವಾಸನೆಯಿಲ್ಲ, ಮುಟ್ಟಿದ ಕ್ಷಣ ನೋವಿಲ್ಲ. ದೊಡ್ಡ ಕೊಳವೆಗಳ ಬೆಸುಗೆಯನ್ನು ಪರೀಕ್ಷಿಸುವ ಉಪಕರಣಗಳಲ್ಲಿಯೂ ಗ್ಯಾಮಾ ಕಿರಣದ ಮೂಲವಿರುವುದುಂಟು. ಆದ್ದರಿಂದ ಗಾತ್ರಕ್ಕೆ ಮೀರಿ ಭಾರವಾದ, ಮೂರು ರೆಕ್ಕೆಗಳ ಗುರುತುಳ್ಳ ಪೆಟ್ಟಿಗೆಯಾಗಲಿ ಸಿಲಿಂಡರಾಗಲಿ ಗ್ರಾಮದಲ್ಲಿ ಎಲ್ಲಿಯಾದರೂ ಕಂಡರೆ ಮುಖಂಡರು ಯಾರನ್ನೂ ಮುಟ್ಟಗೊಡಿಸದೆ, ಜನರನ್ನೂ ಮಕ್ಕಳನ್ನೂ ದೂರ ಕಳುಹಿಸಿ, ಪೊಲೀಸ್ ಠಾಣೆಗೂ ತಹಸೀಲ್ದಾರರಿಗೂ ತಕ್ಷಣ ತಿಳಿಸತಕ್ಕದ್ದು.

ಸಾರಾಂಶ

1. ಗ್ಯಾಮಾ ಕಿರಣವು ಬೆಳಕಿನ ಕುಲದಲ್ಲಿ ಅತಿ ಕಿರಿದಾದ ಅಲೆ, ಅತಿ ಹೆಚ್ಚಿನ ಶಕ್ತಿಯದು. ಅದು ಗಡ್ಡೆಯನ್ನು ಹಾದುಹೋಗುವುದೇ ಹೊರತು ಒಳಗೆ ನಿಲ್ಲುವುದಿಲ್ಲ.

2. ಕಿರಣ ಹಾಯಿಸಿದ ಈರುಳ್ಳಿಯು ವಿಷವಲ್ಲ. ಆದರೆ ಅಂತಹ ಸರಕೆಂದು ಚೀಲದ ಮೇಲೆ ಗುರುತು ಹಾಕುವುದು ಕಾನೂನಿನ ಪ್ರಕಾರ ಅವಶ್ಯ. ಗಡ್ಡೆಯು ಬೀಜಕ್ಕೆ ಬಾರದು.

3. ಕಿರಣವು ಮೊಳಕೆಯನ್ನು ತಡೆಯುವುದು. ಕೊಳೆಯನ್ನೂ ತೂಕದ ಇಳಿತವನ್ನೂ ತಡೆಯದು.

4. ಮುಂಗಾರಿನ ಗಡ್ಡೆಗೆ ಮೊದಲು ಬೇಕಾದದ್ದು ಒಣಗಿಸುವ ಚಪ್ಪರ ಮತ್ತು ಗಾಳಿಯಾಡುವ ಮನೆ. ಕಿರಣದ ಖರ್ಚು ತಕ್ಕುದೋ ಅಲ್ಲವೋ ಎಂಬುದನ್ನು ತಮ್ಮ ಒಂದು ಕ್ವಿಂಟಾಲಿನ ಲೆಕ್ಕವೇ ಹೇಳುವುದು.

ಈ ವರ್ಷದ ಬೆಳೆಯಿಂದಲೇ ಗ್ರಾಮಪ್ರಮುಖರು ಆ ಲೆಕ್ಕವನ್ನು ಆರಂಭಿಸಿ, ಫಲಿತಾಂಶವನ್ನು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿದರೆ ಈ ನಾಲ್ಕು ತಾಲ್ಲೂಕುಗಳಿಗೆ ವಿಕಿರಣ ಶಾಲೆ ಬೇಕೆ, ದಾಸ್ತಾನು ಮನೆಗಳು ಬೇಕೆ ಎಂಬುದನ್ನು ಊಹೆಯಿಂದಲ್ಲದೆ ತೂಕದಿಂದ ನಿರ್ಧರಿಸಲು ಅನುಕೂಲವಾಗುವುದು.